ಡಾಕ್ಟರ್ ಅಲ್ಲದವನು ಆರೋಗ್ಯ ಕೇಂದ್ರಕ್ಕೆ ಏನು ಸಲಹೆ ಕೊಡಲಿ?

ಓದುಗರ ಪ್ರಶ್ನೆ: ನಾನು ಶಿವಮೊಗ್ಗದ ಕಡೆಯವನು. ಕೆಲವು ವರ್ಷಗಳಿಂದ ಅಮೆರಿಕದ ಫಿಲಡೆಲ್ಫಿಯಾ ಹತ್ತಿರ ಇದ್ದೇನೆ. ಸಾಫ್ಟ್‌ವೇರ್ ಕೆಲಸ, ಎಚ್-1ಬಿ ವೀಸಾ. ನಾನು ಗೇ. ಊರಿನಲ್ಲಿ ಅಕ್ಕನಿಗೆ ಮಾತ್ರ ಗೊತ್ತು. ನಾನು ತಪಾಸಣೆಗೆ ಹೋಗುವ ಆರೋಗ್ಯ ಕೇಂದ್ರದವರು ಕಪ್ಪು, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ), ಏಷ್ಯನ್ ಎಲ್‌ಜಿಬಿಟಿ ಜನರಿಗಾಗಿ ಒಂದು ಸಲಹಾ ಮಂಡಳಿ ಮಾಡುತ್ತಿದ್ದಾರೆ. ಸಂಬಳವಿಲ್ಲದ ಕೆಲಸ. ನನ್ನನ್ನೂ ಕರೆದಿದ್ದಾರೆ. ಆಸೆ ಇದೆ, ಆದರೆ ಮೂರು ಅನುಮಾನ. ನನಗೆ ವೈದ್ಯಕೀಯ ಏನೂ ಗೊತ್ತಿಲ್ಲ, ಅಲ್ಲಿ ಕೂತು ಏನು ಮಾಡಲಿ? ಉಳಿದ ಸದಸ್ಯರು ಹೆಚ್ಚಾಗಿ ಕಪ್ಪು ಜನ. ಒಳ್ಳೆಯ ಸಂಬಳ ಇರುವ ಭಾರತೀಯ ನಾನು, ಅಲ್ಲಿ ಕೂರುವ ಹಕ್ಕು ನನಗಿದೆಯೇ? ವಿಷಯ ಕನ್ನಡ ಕೂಟದವರ ಕಿವಿಗೆ ಬಿದ್ದು, ಅಲ್ಲಿಂದ ಅಪ್ಪ ಅಮ್ಮನಿಗೆ ತಲುಪಿದರೆ ಏನು ಗತಿ?

ಉತ್ತರ: ಸೇರಿ. ಆದರೆ ಸೇರುವ ಮುಂಚೆ ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ, ಕೆಲವನ್ನು ಬರವಣಿಗೆಯಲ್ಲೇ ಪಡೆದುಕೊಳ್ಳಿ. ನಿಮ್ಮ ಮೂರು ಅನುಮಾನಗಳಿಗೂ ಕಾರಣವಿದೆ. ಮೊದಲನೆಯದಕ್ಕೆ ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಉಳಿದ ಎರಡು ಅರ್ಧ ಬಗೆಹರಿಯುತ್ತವೆ.

ಇಂಥ ಮಂಡಳಿಯ ಸದಸ್ಯರು ರೋಗಿಗಳಿಗೆ ಸಲಹೆ ಕೊಡುವುದಿಲ್ಲ, ಕೇಂದ್ರವನ್ನು ನಡೆಸುವವರಿಗೆ ಕೊಡುತ್ತಾರೆ. ಯಾವ ಮಾತ್ರೆ, ಎಷ್ಟು ಡೋಸ್ ಅನ್ನುವುದು ಡಾಕ್ಟರ್ ನೋಡಿಕೊಳ್ಳುತ್ತಾರೆ. ಔಷಧ ಬರೆಸಿಕೊಂಡು ಹೋದ ಹುಡುಗ ಅದನ್ನು ಕೊಳ್ಳಲೇ ಇಲ್ಲ, ಮತ್ತೆ ಆ ಕಡೆ ತಲೆ ಹಾಕಲೂ ಇಲ್ಲ. ಯಾಕೆ? ಇದು ಡಾಕ್ಟರಿಗೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿರಬಹುದು. ಇಲ್ಲವೇ ಗೊತ್ತಿರುವವರು ನಿಮ್ಮ ಪರಿಚಯದಲ್ಲಿ ಇರುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ಎಚ್‌ಐವಿ ಬಾರದಂತೆ ಮೊದಲೇ ತೆಗೆದುಕೊಳ್ಳುವ ಔಷಧಕ್ಕೆ ಪ್ರೆಪ್ ಅನ್ನುತ್ತಾರೆ, ನೀವು ಕೇಳಿರುತ್ತೀರಿ. ಅಮೆರಿಕದಲ್ಲಿ ಅದಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಅಲ್ಲಿನ ತಜ್ಞರ ಸಮಿತಿ ಅದಕ್ಕೆ ‘ಎ’ ದರ್ಜೆ ಕೊಟ್ಟಿತು. ಅದರಿಂದಾಗಿ ಹೆಚ್ಚಿನ ಖಾಸಗಿ ವಿಮೆಗಳು ಅದನ್ನು ರೋಗಿಯ ಕೈಯಿಂದ ದುಡ್ಡು ಪಡೆಯದೆ ಕೊಡಬೇಕಾಯಿತು. ಸರಿ, ದುಡ್ಡಿನ ತೊಂದರೆ ಕಡಿಮೆಯಾಯಿತು. ಆದರೂ ಹುಡುಗರು ಬರಲಿಲ್ಲ. ಅಲ್ಲಿ 26 ವರ್ಷ ತುಂಬುವವರೆಗೆ ಮಕ್ಕಳು ಅಪ್ಪ ಅಮ್ಮನ ವಿಮೆಯಲ್ಲೇ ಇರಬಹುದು. ಕ್ಲಿನಿಕ್‌ಗೆ ಹೋಗಿ ಬಂದ ಮೇಲೆ ವಿಮೆ ಕಂಪನಿ ಒಂದು ಪತ್ರ ಕಳಿಸುತ್ತದೆ. ಯಾವ ದಿನ, ಯಾವ ಕ್ಲಿನಿಕ್, ಯಾವ ಸೇವೆ, ಎಷ್ಟು ಖರ್ಚು, ಎಲ್ಲ ಅದರಲ್ಲಿ. ಪಾಲಿಸಿ ಯಾರ ಹೆಸರಲ್ಲಿದೆಯೋ ಅವರ ಮನೆಗೆ ಅದು ಹೋಗುತ್ತದೆ. ನ್ಯೂಜೆರ್ಸಿಯ ಯಾವುದೋ ಭಾರತೀಯ ಮನೆಯಲ್ಲಿ ಅಪ್ಪ ಆ ಲಕೋಟೆ ಒಡೆದರೆ 22 ವರ್ಷದ ಮಗನ ಗುಟ್ಟು ಅಲ್ಲಿಗೆ ಬಯಲು. ಪತ್ರವನ್ನು ಬೇರೆ ವಿಳಾಸಕ್ಕೆ ಕಳಿಸಿ, ಇಲ್ಲದಿದ್ದರೆ ನನಗೆ ಅಪಾಯ ಎಂದು ವಿಮೆ ಕಂಪನಿಯನ್ನು ಕೇಳಲು ಕಾನೂನಿನಲ್ಲಿ ದಾರಿ ಇದೆ. ಆದರೆ ಆ ಹುಡುಗನಿಗೆ ಅದನ್ನು ಹೇಳುವವರು ಯಾರು? ಮೊದಲ ಭೇಟಿಯಲ್ಲೇ, ಔಷಧ ಬರೆಯುವ ಮುಂಚೆಯೇ, ರಿಸೆಪ್ಷನ್‌ನಲ್ಲಿ ಕೂತವರು ‘ವಿಮೆ ಯಾರ ಹೆಸರಲ್ಲಿದೆ? ಪತ್ರ ಮನೆಗೆ ಹೋದರೆ ತೊಂದರೆಯಾಗುತ್ತದೆಯೇ?’ ಎಂದು ಕೇಳಿ ಅರ್ಜಿ ಕೈಗೆ ಕೊಡಬೇಕು. ಹೀಗೆ ಮಾಡಿ ಎಂದು ಕೇಂದ್ರಕ್ಕೆ ಹೇಳಲು ವೈದ್ಯಕೀಯ ಓದಿರಬೇಕಾಗಿಲ್ಲ. ಅಂಥ ಮನೆಗಳು ಹೇಗಿರುತ್ತವೆ ಎಂದು ಗೊತ್ತಿದ್ದರೆ ಸಾಕು.

ಇನ್ನೊಂದು ನಿಮಗೆ ಹತ್ತಿರದ್ದು. 1987ರಿಂದ 2010ರ ಜನವರಿವರೆಗೆ ಎಚ್‌ಐವಿ ಇರುವ ವಿದೇಶಿಯರನ್ನು ಅಮೆರಿಕ ಒಳಗೆ ಬಿಡುತ್ತಿರಲಿಲ್ಲ. ಗ್ರೀನ್ ಕಾರ್ಡ್‌ಗೆ ಎಚ್‌ಐವಿ ಪರೀಕ್ಷೆ ಕಡ್ಡಾಯವಾಗಿತ್ತು. 2010ರ ಜನವರಿ 4ರಿಂದ ಅದು ಹೋಯಿತು. ಆ ಪರೀಕ್ಷೆಯೂ ಇಲ್ಲ, ಆ ಕಾರಣಕ್ಕೆ ತಡೆಯುವುದೂ ಇಲ್ಲ. ಆದರೆ ನಿಯಮ ಹೋದರೂ ಭಯ ಹೋಗಿಲ್ಲ. ಪರೀಕ್ಷೆ ಮಾಡಿಸಿದರೆ ವೀಸಾ ಕಡತಕ್ಕೆ ಸೇರುತ್ತದೆ ಎಂದು ನಂಬಿ ದೂರ ಉಳಿಯುವ ವಿದ್ಯಾರ್ಥಿಗಳು ಇವತ್ತಿಗೂ ಇದ್ದಾರೆ. ಅಮೆರಿಕದಲ್ಲೇ ಹುಟ್ಟಿ ಬೆಳೆದ ನರ್ಸ್‌ಗೆ ಈ ಭಯ ಹೊಳೆಯುವುದೇ ಇಲ್ಲ. ಅವರು ವೀಸಾ ಸಂದರ್ಶನಕ್ಕೆ ಕ್ಯೂ ನಿಂತವರಲ್ಲವಲ್ಲ. ನೀವು ನಿಂತಿದ್ದೀರಿ. ಪರೀಕ್ಷೆಯ ಕರಪತ್ರದಲ್ಲಿ ಈ ಬಗ್ಗೆ ಎರಡು ಸಾಲು ಸೇರಿಸಿ ಎಂದು ನೀವು ಹೇಳಬಹುದು.

2022ರ ಮಂಕಿಪಾಕ್ಸ್ ಸಮಯದ್ದನ್ನೂ ಹೇಳಬೇಕು. ಅಮೆರಿಕದಲ್ಲಿ ಆ ಕಾಯಿಲೆ ಜಾಸ್ತಿ ಕಾಡಿದ್ದು ಗೇ ಮತ್ತು ಬೈಸೆಕ್ಷುವಲ್ ಗಂಡಸರನ್ನು. ಅವರಲ್ಲೂ ಕಪ್ಪು ಮತ್ತು ಲ್ಯಾಟಿನೋ ಜನರ ಪಾಲು ದೊಡ್ಡದು. ಲಸಿಕೆಯಲ್ಲಿ ಮಾತ್ರ ಅವರ ಪಾಲು ಚಿಕ್ಕದು. ಲಸಿಕೆ ಸಾಲದೇ ಹೋದಾಗ ಒಂದು ಡೋಸನ್ನು ಹಲವರಿಗೆ ಹಂಚಲು ಚರ್ಮದ ಪದರದೊಳಗೆ, ಮುಂಗೈ ಹತ್ತಿರ ಚುಚ್ಚತೊಡಗಿದರು. ವಿಜ್ಞಾನ ಸರಿಯಾಗಿತ್ತು. ಆದರೆ ಚುಚ್ಚಿದ ಜಾಗದಲ್ಲಿ ಕೆಂಪಗೆ, ಕಪ್ಪಗೆ ಕಲೆ ಉಳಿಯುತ್ತಿತ್ತು. ಅಂಗಿಯ ತೋಳು ಮಡಚಿದರೆ ಎಲ್ಲರಿಗೂ ಕಾಣುತ್ತಿತ್ತು. ‘ಇದನ್ನು ನೋಡಿದವರು ನಾನು ಯಾರು ಎಂದು ಊಹಿಸಿಬಿಡುತ್ತಾರೆ’ ಎಂದು ಜನ ಹಿಂದೆ ಸರಿದರು. ಮುಂಗೈ ಬೇಡವಾದರೆ ಭುಜದಲ್ಲಿ ಅಥವಾ ಬೆನ್ನಿನ ಮೇಲ್ಭಾಗದಲ್ಲಿ ಚುಚ್ಚಬಹುದು ಎಂದು ಆ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳಿತು. ಲಸಿಕೆಯನ್ನೂ ಜನ ಸೇರುವ ಕಡೆಗೆ ತೆಗೆದುಕೊಂಡು ಹೋಯಿತು. ಅಟ್ಲಾಂಟಾದಲ್ಲಿ ಕಪ್ಪು ಎಲ್‌ಜಿಬಿಟಿ ಜನ ಸೇರುವ ಬ್ಲ್ಯಾಕ್ ಪ್ರೈಡ್ ಉತ್ಸವ ಅಂಥ ಒಂದು ಜಾಗ. ಅದೇ ಲಸಿಕೆ, ಅದೇ ಸೂಜಿ. ಚುಚ್ಚುವ ಜಾಗ ಮತ್ತು ಕೊಡುವ ಜಾಗ ಎರಡೇ ಬದಲಾದದ್ದು. ಸಲಹಾ ಮಂಡಳಿಯಲ್ಲಿ ನಡೆಯುವ ಒಳ್ಳೆಯ ಮಾತುಕತೆಗಳು ಬಹುಪಾಲು ಇಂಥ ವಿಷಯಗಳ ಮೇಲೇ ಇರುತ್ತವೆ.

ಈ ರೀತಿಯ ಕೆಲಸ ಎಲ್ಲಿಂದ ಶುರುವಾಯಿತು ಎಂಬುದೂ ನಿಮಗೆ ಗೊತ್ತಿರಬೇಕು, ಯಾಕೆಂದರೆ ಅದರ ಒಂದು ಬೇರು ನೀವಿರುವ ಊರಲ್ಲೇ ಇದೆ. 1980ರ ದಶಕದ ಫಿಲಡೆಲ್ಫಿಯಾದಲ್ಲಿ ಏಡ್ಸ್ ಕಾಣಿಸಿಕೊಂಡಾಗ ಸಾಯುತ್ತಿದ್ದವರಲ್ಲಿ ಕಪ್ಪು ಜನ ಬಹಳ ಇದ್ದರು. ಆದರೆ ಸ್ವಯಂಸೇವಾ ಸಂಸ್ಥೆಗಳ ಕರಪತ್ರ, ಸಭೆ, ಸಹಾಯವಾಣಿ ಎಲ್ಲವೂ ನಗರದ ನಡುವಿನ ಬಿಳಿಯ ಗೇ ಗಂಡಸರ ಸುತ್ತ ಇದ್ದವು. ರಷೀದಾ ಹಸನ್ ಎಂಬ ಕಪ್ಪು ಮುಸ್ಲಿಂ ನರ್ಸ್ ಅಂಥದೇ ಒಂದು ಸಂಸ್ಥೆಯೊಳಗೆ ಇದ್ದು ಇದನ್ನು ಕಂಡವರು. ಒಳಗೆ ಹೇಳಿ ನೋಡಿ, ಆಗದೆ, 1985ರಲ್ಲಿ ಬೆಬಾಶಿ ಎಂಬ ಸಂಸ್ಥೆ ಕಟ್ಟಿದರು. ಕಪ್ಪು ಜನರೇ ಕಪ್ಪು ಜನರಿಗೆ ಲೈಂಗಿಕ ಆರೋಗ್ಯದ ತಿಳಿವಳಿಕೆ ಕೊಡುವ ಸಂಸ್ಥೆ. ಅದು ಈಗಲೂ ಕೆಲಸ ಮಾಡುತ್ತಿದೆ. ಮರು ವರ್ಷ ನ್ಯೂಯಾರ್ಕ್‌ನಲ್ಲಿ ಚಾರ್ಲ್ಸ್ ಏಂಜಲ್ ಎಂಬ ಪಾದ್ರಿ ಆಫ್ರಿಕನ್ ಮೂಲದ ಗೇ ಗಂಡಸರ ಗುಂಪೊಂದನ್ನು ಶುರು ಮಾಡಿದರು. ಇದಕ್ಕೂ ಮುಂಚೆ, 1983ರಲ್ಲಿ, ಡೆನ್ವರ್‌ನ ಸಮ್ಮೇಳನವೊಂದರಲ್ಲಿ ಏಡ್ಸ್ ಇದ್ದವರು ವೇದಿಕೆ ಹತ್ತಿ, ನಮ್ಮನ್ನು ಬಲಿಪಶುಗಳು ಎನ್ನಬೇಡಿ, ನಮ್ಮ ಬಗ್ಗೆ ತೀರ್ಮಾನ ಮಾಡುವ ಮಂಡಳಿಗಳಲ್ಲಿ ನಾವೂ ಇರಬೇಕು ಎಂದು ಹೇಳಿಕೆ ಓದಿದ್ದರು. ನಿಮ್ಮನ್ನು ಕರೆದಿರುವ ಮಂಡಳಿಯಂಥವೆಲ್ಲ ಈ ಒತ್ತಾಯದಿಂದ ಬಂದವು. ಯಾರೂ ಸುಮ್ನೆ ಕರೆದು ಕುರ್ಚಿ ಕೊಟ್ಟದ್ದಲ್ಲ.

ಕಪ್ಪು ಸದಸ್ಯರು ‘ಸಂಶೋಧನೆ’ ಎಂದ ಕೂಡಲೇ ಗಟ್ಟಿಯಾಗಿ ಪ್ರಶ್ನೆ ಕೇಳುವುದನ್ನು ನೀವು ಮೊದಲ ಸಭೆಯಲ್ಲೇ ನೋಡಬಹುದು. ಅವರು ಒರಟು ಎಂದುಕೊಳ್ಳಬೇಡಿ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸರ್ಕಾರವೇ ಒಂದು ಅಧ್ಯಯನ ನಡೆಸಿತು. 399 ಕಪ್ಪು ಗಂಡಸರಿಗೆ ಸಿಫಿಲಿಸ್ ಎಂಬ ಲೈಂಗಿಕ ಕಾಯಿಲೆ ಇತ್ತು, ಇನ್ನೂ 201 ಮಂದಿಯನ್ನು ಹೋಲಿಕೆಗೆ ಇಟ್ಟುಕೊಂಡಿದ್ದರು. ಕಾಯಿಲೆ ಏನೆಂದು ರೋಗಿಗಳಿಗೆ ಹೇಳಲಿಲ್ಲ. 1940ರ ದಶಕದ ಕೊನೆಗೆ ಪೆನಿಸಿಲಿನ್ ಎಲ್ಲೆಡೆ ಸಿಗತೊಡಗಿದರೂ ಕೊಡಲಿಲ್ಲ. ಕಾಯಿಲೆ ಹೇಗೆ ಮುಂದುವರಿಯುತ್ತದೆ ಎಂದು ನೋಡುತ್ತಾ ಕೂತರು. ಇದು ಅವರ ಅಜ್ಜಂದಿರ ಕಾಲದ್ದು, ಮನೆಮನೆಯಲ್ಲಿ ನೆನಪಿರುವ ಸಂಗತಿ. ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು.

ಪ್ರಶ್ನೆ ಕೇಳಿದರೆ ವಿಜ್ಞಾನ ಹಾಳಾಗುವುದಿಲ್ಲ, ಸರಿಹೋಗುತ್ತದೆ. ಕಪ್ಪು ಗೇ ಗಂಡಸರಲ್ಲಿ ಎಚ್‌ಐವಿ ಜಾಸ್ತಿ ಇದೆ, ಹಾಗಾದರೆ ಅವರ ನಡವಳಿಕೆಯೇ ಸರಿಯಿಲ್ಲ ಎಂದು ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. 2006ರಲ್ಲಿ ಗ್ರೆಗೋರಿಯೋ ಮಿಲೆಟ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಕಪ್ಪು ಗಂಡಸರು ಬಿಳಿಯರಿಗಿಂತ ಹೆಚ್ಚು ಅಪಾಯದ ನಡವಳಿಕೆ ತೋರಿಸುತ್ತಾರೆ ಎನ್ನಲು ಪುರಾವೆಯೇ ಇರಲಿಲ್ಲ. ಪರೀಕ್ಷೆ ತಡವಾಗುವುದು, ಚಿಕಿತ್ಸೆ ಸಿಗದಿರುವುದು, ಬೇರೆ ಲೈಂಗಿಕ ಕಾಯಿಲೆಗಳಿಗೆ ಮದ್ದಾಗದಿರುವುದು, ಚಿಕ್ಕ ಬಳಗದೊಳಗೆ ವೈರಸ್ ಮೊದಲೇ ಹರಡಿರುವುದು, ಕಾರಣ ಹುಡುಕಬೇಕಾದದ್ದು ಇಲ್ಲಿ. ಇದು ಮಂಡಳಿಯ ಕೆಲಸವನ್ನೇ ಬದಲಾಯಿಸುವ ಮಾತು. ನಡವಳಿಕೆಯೇ ಕಾರಣ ಎಂದಾದರೆ ಕೇಂದ್ರ ಜನರಿಗೆ ಬುದ್ಧಿ ಹೇಳುತ್ತಾ ಕೂರುತ್ತದೆ. ಚಿಕಿತ್ಸೆ ಸಿಗದಿರುವುದು ಕಾರಣ ಎಂದಾದರೆ ತನ್ನ ಬಾಗಿಲು, ತನ್ನ ಸಮಯ, ತನ್ನ ಬಸ್ ದಾರಿ ನೋಡಿಕೊಳ್ಳಬೇಕಾಗುತ್ತದೆ.

ಆಮೇಲೆ ಬಂದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಎಚ್‌ಪಿಟಿಎನ್ 073 ಎಂದು ಅದರ ಹೆಸರು. ಲಾಸ್ ಏಂಜಲಿಸ್, ವಾಷಿಂಗ್ಟನ್, ಚಾಪೆಲ್ ಹಿಲ್ ಎಂಬ ಮೂರು ಊರುಗಳಲ್ಲಿ 226 ಕಪ್ಪು ಗಂಡಸರು ಸೇರಿದ್ದರು. ಪ್ರೆಪ್ ತೆಗೆದುಕೊಳ್ಳಲೇಬೇಕು ಎಂಬ ಷರತ್ತು ಇರಲಿಲ್ಲ. ಬೇಡ ಎಂದರೂ ಅಧ್ಯಯನದಲ್ಲಿ ಇರಬಹುದಿತ್ತು. ಜೊತೆಗೆ ಮನೆ, ಕೆಲಸ, ವಿಮೆ, ಮನಸ್ಸಿನ ಬೇಸರ, ಯಾವುದರಲ್ಲಿ ತೊಂದರೆ ಇದ್ದರೂ ಕೂತು ಮಾತಾಡಿ ದಾರಿ ಹುಡುಕಲು ಜನ ಇದ್ದರು. 79% ಮಂದಿ ಪ್ರೆಪ್ ಒಪ್ಪಿಕೊಂಡರು. ‘ಆ ಜನಕ್ಕೆ ಔಷಧದ ಮೇಲೆ ನಂಬಿಕೆ ಇಲ್ಲ’ ಎನ್ನುತ್ತಿದ್ದವರಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕೇ? ಪ್ರೆಪ್ ಆಗಿ ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್ ಇಂಜೆಕ್ಷನ್‌ನ ದೊಡ್ಡ ಪ್ರಯೋಗದಲ್ಲೂ ಹೀಗೆಯೇ. ಅಮೆರಿಕದಲ್ಲಿ ಸೇರುವವರಲ್ಲಿ ಅರ್ಧದಷ್ಟು ಕಪ್ಪು ಜನ ಇರಬೇಕು ಎಂದು ಮೊದಲೇ ಗುರಿ ಇಟ್ಟರು, ಹೆಚ್ಚುಕಡಿಮೆ ಅಷ್ಟೇ ಮಂದಿ ಸೇರಿದರು. ದಿನಾ ನುಂಗುವ ಮಾತ್ರೆಗೆ ಹೋಲಿಸಿದರೆ ಇಂಜೆಕ್ಷನ್ ಗುಂಪಿನಲ್ಲಿ ಸೋಂಕು 66% ಕಡಿಮೆ ಎಂದು 2020ರಲ್ಲಿ ಗೊತ್ತಾಯಿತು. ಯಾರಿಗೆ ಆ ಔಷಧ ಹೆಚ್ಚು ಬೇಕೋ ಅವರ ಮೈಯಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದೂ ಅದರ ಜೊತೆಗೇ ತಿಳಿಯಿತು.

ಜನರನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕಾಂಬೋಡಿಯಾ ನೋಡಿ. ಲೈಂಗಿಕ ವೃತ್ತಿಯ ಮಹಿಳೆಯರ ಮೇಲೆ ಪ್ರೆಪ್ ಪ್ರಯೋಗ ಮಾಡಲು ಹೊರಟಿದ್ದರು. ಮುಂದೆ ತೊಂದರೆಯಾದರೆ ನಮ್ಮನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅವರು ಕೇಳಿದರು. ಸರಿಯಾದ ಉತ್ತರ ಬರಲಿಲ್ಲ. 2004ರಲ್ಲಿ, ಇನ್ನೂ ಶುರುವಾಗುವ ಮುಂಚೆಯೇ, ಅಲ್ಲಿನ ಸರ್ಕಾರ ಪ್ರಯೋಗ ನಿಲ್ಲಿಸಿತು. ಸಮುದಾಯವನ್ನು ಹೇಗೆ ಜೊತೆಗೆ ಕರೆದುಕೊಳ್ಳಬೇಕು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2007ರಲ್ಲಿ ಬಂದದ್ದು ಇಂಥ ಅನುಭವಗಳ ಬೆನ್ನಿಗೆ. ನಮ್ಮ ಮೈಸೂರಿನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಆಶೋದಯ ಸಮಿತಿಯನ್ನು ಲೈಂಗಿಕ ವೃತ್ತಿಯ ಹೆಣ್ಣು, ಗಂಡು, ಟ್ರಾನ್ಸ್ ಜನರೇ ನಡೆಸುತ್ತಾರೆ. ಆರೋಗ್ಯದ ಕೆಲಸದಲ್ಲೂ ಅವರೇ ಮುಂದೆ. ನಿಮ್ಮ ಮಂಡಳಿಯಲ್ಲಿ ಯಾರಾದರೂ ‘ಬೇರೆ ಕಡೆ ಇದು ಸಾಧ್ಯವಾಗಿದೆಯೇ’ ಎಂದರೆ ಈ ಹೆಸರು ಹೇಳಿ. ಹೊರಗಿನಿಂದ ಬಂದು ನೋಡಿ ಕಲಿತು ಹೋದವರಿದ್ದಾರೆ.

ಈಗ ಒಂದು ಎಚ್ಚರಿಕೆ. ಎಲ್ಲ ಮಂಡಳಿಗಳಿಗೂ ಒಂದೇ ಬಲ ಇರುವುದಿಲ್ಲ. ಅಮೆರಿಕದಲ್ಲಿ ಫೆಡರಲ್ ಅನುದಾನ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳ ಆಡಳಿತ ಮಂಡಳಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿನ ರೋಗಿಗಳೇ ಇರಬೇಕು. ಬಜೆಟ್ ಒಪ್ಪುವುದು, ನಿರ್ದೇಶಕರನ್ನು ನೇಮಿಸುವುದು ಅವರ ಕೈಯಲ್ಲಿ. ರಯಾನ್ ವೈಟ್ ಹೆಸರಿನ 1990ರ ಕಾನೂನಿನಡಿ ದೊಡ್ಡ ನಗರಗಳಲ್ಲಿ ಎಚ್‌ಐವಿ ಯೋಜನಾ ಮಂಡಳಿಗಳಿವೆ. ಫಿಲಡೆಲ್ಫಿಯಾದಲ್ಲೂ ಇದೆ. ಯಾವ ಸೇವೆಗೆ ಎಷ್ಟು ದುಡ್ಡು ಎಂದು ಅವು ತೀರ್ಮಾನಿಸುತ್ತವೆ. ಸದಸ್ಯರಲ್ಲಿ ಮೂರರಲ್ಲಿ ಒಂದು ಪಾಲು ಆ ಸೇವೆ ಪಡೆಯುವವರೇ ಇರಬೇಕು. ಎಚ್‌ಐವಿ ಔಷಧ ಪ್ರಯೋಗದ ಕೇಂದ್ರಗಳಲ್ಲಿರುವ ಸಲಹಾ ಮಂಡಳಿಗಳು ಪ್ರಯೋಗದ ಯೋಜನೆ, ಒಪ್ಪಿಗೆ ಪತ್ರದ ಭಾಷೆ ಎಲ್ಲ ಓದಿ ಹೇಳುತ್ತವೆ. ಇವುಗಳ ಕೆಳಗೆ ಇನ್ನೊಂದು ಬಗೆ ಇದೆ. ವರ್ಷಕ್ಕೆ ಎರಡು ಸಲ ಪಿಜ್ಜಾ ತರಿಸಿ, ಆಗಲೇ ತೀರ್ಮಾನವಾದದ್ದನ್ನು ತೋರಿಸಿ, ಫೋಟೋ ತೆಗೆದು, ಅನುದಾನದ ಅರ್ಜಿಗೆ ಅಂಟಿಸುವ ಮಂಡಳಿ. ಅದು ಮದುವೆ ಮನೆಯ ಬಾಗಿಲಿಗೆ ಕಟ್ಟಿದ ಬಾಳೆಕಂಬದ ಹಾಗೆ. ಒಳಗೆ ಏನು ನಡೆಯುತ್ತದೆಯೋ ಅದಕ್ಕೂ ಕಂಬಕ್ಕೂ ಸಂಬಂಧವಿಲ್ಲ. ಅಂಥ ಕಡೆ ನಿಮ್ಮ ಶನಿವಾರ ಕೊಡಬೇಡಿ.

ನಿಮ್ಮದು ಯಾವ ಬಗೆ ಎಂದು ತಿಳಿಯುವುದು ಕಷ್ಟವಲ್ಲ. ಹಳೆಯ ಮಂಡಳಿ ಇದ್ದರೆ ಕಳೆದ ವರ್ಷ ಅದು ಕೊಟ್ಟ ಸಲಹೆಗಳೇನು, ಕೇಂದ್ರ ಯಾವುದನ್ನು ಮಾಡಿತು, ಯಾವುದನ್ನು ಬಿಟ್ಟಿತು, ಬಿಟ್ಟದ್ದಕ್ಕೆ ಕಾರಣ ಹೇಳಿತೇ ಎಂದು ಕೇಳಿ. ಹೊಸದಾದರೆ ಸಲಹೆಗೆ ಎಷ್ಟು ದಿನದಲ್ಲಿ ಬರವಣಿಗೆಯ ಉತ್ತರ ಕೊಡುತ್ತೀರಿ ಎಂದು ಕೇಳಿ. ಸಭೆಗೆ ಯಾರು ಬರುತ್ತಾರೆ ಎಂಬುದೂ ಮುಖ್ಯ. ತೀರ್ಮಾನ ಮಾಡುವ ಅಧಿಕಾರ ಇರುವ ಒಬ್ಬರಾದರೂ ಕೂರದಿದ್ದರೆ ನಿಮ್ಮ ಮಾತು ಆ ಕೋಣೆ ದಾಟುವುದಿಲ್ಲ. ಸಭೆ ಯಾವ ಹೊತ್ತಿನಲ್ಲಿ ಎಂಬುದನ್ನೂ ನೋಡಿ. ವಾರದ ದಿನ ಮಧ್ಯಾಹ್ನ ಎರಡಕ್ಕೆ ಎಂದರೆ ಗಂಟೆ ಲೆಕ್ಕದಲ್ಲಿ ದುಡಿಯುವವರು ಬರಲಾಗುವುದಿಲ್ಲ. ಆಗ ಉಳಿಯುವವರು ನಿಮ್ಮಂಥ ಮನೆಯಿಂದ ಕೆಲಸ ಮಾಡುವವರು ಮಾತ್ರ. ಅದನ್ನು ಮೊದಲ ಸಲಹೆಯಾಗಿ ನೀವೇ ಎತ್ತಬಹುದು.

ಇಲ್ಲಿಂದ ನಿಮ್ಮ ಎರಡನೆಯ ಅನುಮಾನಕ್ಕೆ ಬರುತ್ತೇನೆ. ಹಕ್ಕಿದೆಯೇ ಎಂದು ಕೇಳಿದ್ದೀರಿ. ಇದೆ, ಆದರೆ ಎಲ್ಲರ ಪರವಾಗಿ ಮಾತಾಡುವ ಹಕ್ಕಿಲ್ಲ. ಆಗಿನ ದರವೇ ಮುಂದುವರಿದರೆ ಕಪ್ಪು ಗೇ ಮತ್ತು ಬೈಸೆಕ್ಷುವಲ್ ಗಂಡಸರಲ್ಲಿ ಇಬ್ಬರಲ್ಲಿ ಒಬ್ಬರಿಗೆ, ಲ್ಯಾಟಿನೋ ಗಂಡಸರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಚ್‌ಐವಿ ಬರುತ್ತದೆ ಎಂದು 2016ರಲ್ಲಿ ಸಿಡಿಸಿ ಲೆಕ್ಕ ಹಾಕಿತ್ತು. ಬಿಳಿಯರಲ್ಲಿ ಅದು ಹನ್ನೊಂದರಲ್ಲಿ ಒಬ್ಬರು. ಹಾಗಾಗಿ ಎಚ್‌ಐವಿಗೆ ಇರುವ ದುಡ್ಡು ಎಲ್ಲಿಗೆ ಹೋಗಬೇಕು ಎಂಬ ಚರ್ಚೆಯಲ್ಲಿ ಮುಂದೆ ಇರಬೇಕಾದವರು ಅವರು. ನೀವು ಅವರ ಮಾತಿಗೆ ಬಲ ಕೊಡಿ. ನಿಮ್ಮ ಓದು, ನಿಮ್ಮ ಇಂಗ್ಲಿಷ್, ಅಂಕಿಅಂಶ ನೋಡುವ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರುತ್ತವೆ. ಬಜೆಟ್ ಹಾಳೆ ಬಿಡಿಸಿ ಓದಿ, ಕಳೆದ ವರ್ಷಕ್ಕೂ ಈ ವರ್ಷಕ್ಕೂ ಏನು ಕಡಿಮೆಯಾಗಿದೆ ಎಂದು ಎಲ್ಲರಿಗೂ ತಿಳಿಯುವ ಹಾಗೆ ಹೇಳುವವರು ಪ್ರತಿ ಮಂಡಳಿಗೂ ಬೇಕು.

ಇನ್ನೊಂದು ಮಾತು ಬೇಸರವಾದರೂ ಹೇಳಬೇಕು. ನಮ್ಮ ಮನೆಗಳಲ್ಲಿ ಬಣ್ಣದ ಬಗ್ಗೆ, ಜಾತಿಯ ಬಗ್ಗೆ ಏನು ಮಾತಾಡುತ್ತಾರೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಅಮೆರಿಕಕ್ಕೆ ಹೋದ ಮೇಲೆ ಕಪ್ಪು ಜನರ ಬಗ್ಗೆ ನಮ್ಮವರು ಆಡುವ ಮಾತು ಇನ್ನೂ ಕೆಟ್ಟದ್ದು. ನೀವು ಹಾಗೆ ಯೋಚಿಸುವವರಲ್ಲ ಎಂದು ನಿಮ್ಮ ಪತ್ರವೇ ಹೇಳುತ್ತದೆ. ಆದರೂ ಮೊದಲ ಕೆಲವು ಸಭೆಗಳಲ್ಲಿ ಉಳಿದವರು ನಿಮ್ಮನ್ನು ಸ್ವಲ್ಪ ದೂರದಿಂದ ನೋಡಬಹುದು. ಅದಕ್ಕೆ ನೊಂದುಕೊಳ್ಳಬೇಡಿ. ಬೇಗ ಬನ್ನಿ, ಕುರ್ಚಿ ಹಾಕಿ, ಮಾತು ಕೇಳಿಸಿಕೊಳ್ಳಿ, ಹೇಳಿದ ಕೆಲಸವನ್ನು ಹೇಳಿದ ದಿನ ಮುಗಿಸಿ. ನಂಬಿಕೆ ಹಾಗೆಯೇ ಬರುತ್ತದೆ.

ನಿಮ್ಮವರ ಬಗ್ಗೆ ಮಾತ್ರ ನೀವೇ ಹೇಳಬೇಕು, ಬೇರೆಯವರು ಹೇಳಲಾರರು. ಆರೋಗ್ಯದ ಲೆಕ್ಕದಲ್ಲಿ ಭಾರತೀಯರು, ಚೀನೀಯರು, ಫಿಲಿಪೀನ್ಸ್‌ನವರು ಎಲ್ಲ ‘ಏಷ್ಯನ್’ ಎಂಬ ಒಂದೇ ಸಾಲಿನಲ್ಲಿ ಬರುತ್ತಾರೆ. ಸಂಖ್ಯೆ ಚಿಕ್ಕದು, ಆದ್ದರಿಂದ ತೊಂದರೆ ಇಲ್ಲ ಎಂದು ಮುಂದೆ ಹೋಗಿಬಿಡುತ್ತಾರೆ. ಆ ಸಾಲನ್ನು ಒಡೆದು ತೋರಿಸಿ ಎಂದು ಕೇಳಿ. ಆರೋಗ್ಯ ಎಂದರೆ ಎಚ್‌ಐವಿ ಒಂದೇ ಅಲ್ಲ ಎಂಬುದನ್ನೂ ನೆನಪಿಸಿ. ನಮ್ಮವರಿಗೆ ಸಕ್ಕರೆ ಕಾಯಿಲೆ ತೂಕ ಜಾಸ್ತಿಯಾಗುವ ಮುಂಚೆಯೇ ಬರುತ್ತದೆ. ಏಷ್ಯನ್ನರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ಪರೀಕ್ಷೆ ಮಾಡಬೇಕು ಎಂದು ಅಮೆರಿಕದ ಮಧುಮೇಹ ಸಂಘ 2015ರಲ್ಲೇ ಹೇಳಿದೆ. ಉಳಿದವರಿಗೆ ಅದು 25. ನಿಮ್ಮ ಕೇಂದ್ರದ ಕಂಪ್ಯೂಟರ್‌ನಲ್ಲಿ ಯಾವ ಸಂಖ್ಯೆ ಇದೆ ಎಂದು ಕೇಳಿ ನೋಡಿ. ಲೆಸ್ಬಿಯನ್ನರಿಗೆ ಮತ್ತು ಟ್ರಾನ್ಸ್ ಗಂಡಸರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಬೇಡ ಎಂಬ ತಪ್ಪು ತಿಳಿವಳಿಕೆ ಡಾಕ್ಟರ್‌ಗಳಲ್ಲೂ ಇದೆ. ಗರ್ಭಕಂಠ ಇರುವವರಿಗೆಲ್ಲ ಅದು ಬೇಕು. ಮಂಡಳಿಯಲ್ಲಿ ಹೆಂಗಸರು ಎಷ್ಟು ಮಂದಿ, ಟ್ರಾನ್ಸ್ ಜನ ಎಷ್ಟು ಮಂದಿ ಎಂದೂ ಎಣಿಸಿ. ಎಲ್ಲರೂ ಗಂಡಸರೇ ಆಗಿದ್ದರೆ ಮೊದಲು ಅದನ್ನು ಹೇಳಿ.

ನೀವು ಹೊಸ ದಾರಿ ಮಾಡುತ್ತಿಲ್ಲ ಎಂಬುದು ಸಮಾಧಾನ ಕೊಡಬಹುದು. ಕ್ಯಾಲಿಫೋರ್ನಿಯಾದಲ್ಲಿ ತ್ರಿಕೋನ್ ಎಂಬ ದಕ್ಷಿಣ ಏಷ್ಯನ್ನರ ಗುಂಪು 1986ರಲ್ಲೇ ಹುಟ್ಟಿತು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 1994ರಲ್ಲಿ ಶುರುವಾದ ಆಡ್ರಿ ಲಾರ್ಡ್ ಪ್ರಾಜೆಕ್ಟ್ ಕಪ್ಪು, ಲ್ಯಾಟಿನೋ, ಏಷ್ಯನ್, ಮೂಲನಿವಾಸಿ ಎಲ್‌ಜಿಬಿಟಿ ಜನರೆಲ್ಲ ಒಟ್ಟಿಗೆ ಕಟ್ಟಿದ ಜಾಗ. ಲಂಡನ್‌ನಲ್ಲಿ ಶಿವಾನಂದ ಖಾನ್ 1991ರಲ್ಲಿ ನಾಜ್ ಪ್ರಾಜೆಕ್ಟ್ ಶುರು ಮಾಡಿದರು, ಯಾಕೆಂದರೆ ಅಲ್ಲಿನ ಏಡ್ಸ್ ಪ್ರಚಾರ ದಕ್ಷಿಣ ಏಷ್ಯಾದ ಜನರ ಮನೆ ಮುಟ್ಟುತ್ತಿರಲಿಲ್ಲ. ಅವರು ಆಮೇಲೆ ಭಾರತದಲ್ಲೂ ವರ್ಷಗಟ್ಟಲೆ ಇದೇ ಕೆಲಸ ಮಾಡಿದರು.

ಒಂದು ವಿಷಯದಲ್ಲಿ ಗೆರೆ ಎಳೆದುಕೊಳ್ಳಿ. ನೀವು ಮಂಡಳಿಯಲ್ಲಿದ್ದೀರಿ ಎಂದು ಗೊತ್ತಾದರೆ ಜನ ತಮ್ಮ ಕಷ್ಟ ಹೇಳಿಕೊಂಡು ಬರುತ್ತಾರೆ. ರಾತ್ರಿ ಫೋನ್ ಬರುತ್ತದೆ. ಕೇಳಿಸಿಕೊಳ್ಳಿ, ಆದರೆ ಕೌನ್ಸೆಲರ್ ಆಗಲು ಹೋಗಬೇಡಿ. ಜೀವಕ್ಕೆ ಅಪಾಯವಿದೆ ಎನಿಸಿದರೆ ಅಮೆರಿಕದಲ್ಲಿ ಸಹಾಯವಾಣಿ 988ಕ್ಕೆ, ಊರಿನಿಂದ ಬಂದ ಕರೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಕೇಂದ್ರದ ಸಿಬ್ಬಂದಿಯಲ್ಲಿ ಯಾರಿಗೆ ಕಳಿಸಬೇಕು ಎಂದು ಮೊದಲೇ ಒಂದು ಹೆಸರು ಕೇಳಿ ಇಟ್ಟುಕೊಳ್ಳಿ. ನಿಮಗೂ ಸುಸ್ತಾಗುತ್ತದೆ, ಅಲ್ವಾ? ದಿನವಿಡೀ ಕೆಲಸ ಮಾಡಿ ಬಂದು ಬೇರೆಯವರ ನೋವು ಹೊರುವ ಸ್ವಯಂಸೇವಕರು ಬೇಗ ಬಿಟ್ಟುಹೋಗುವುದನ್ನು ನಾನು ಬೆಂಗಳೂರಿನಲ್ಲೂ ನೋಡಿದ್ದೇನೆ.

ಇನ್ನು ಕನ್ನಡ ಕೂಟದ ಭಯ. ಅದನ್ನು ನಾನು ಹಗುರ ಮಾಡುವುದಿಲ್ಲ. ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 6ರಿಂದ ಸಲಿಂಗ ಸಂಬಂಧ ಅಪರಾಧವಲ್ಲ, ಆದರೆ ಮನೆಯವರಿಗೆ ಯಾವಾಗ, ಹೇಗೆ ಹೇಳಬೇಕು ಎಂಬುದು ನಿಮ್ಮ ತೀರ್ಮಾನವಾಗಿಯೇ ಇರಬೇಕು. ಯಾರದೋ ಫಾರ್ವರ್ಡ್ ಮೆಸೇಜ್‌ನಿಂದ ಅದು ಆಗಬಾರದು. ಹಾಗಾಗಿ ಒಪ್ಪಿಗೆ ಕೊಡುವ ಮುಂಚೆ ಕೇಳಿ: ಸದಸ್ಯರ ಹೆಸರು, ಫೋಟೋ ಎಲ್ಲಿಯಾದರೂ ಹಾಕುತ್ತೀರಾ? ಸಭೆಯ ಟಿಪ್ಪಣಿಯಲ್ಲಿ ಹೆಸರು ಬರುತ್ತದೆಯೇ? ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ? ಮೊದಲ ಹೆಸರು ಮಾತ್ರ, ಫೋಟೋ ಬೇಡ ಎಂದರೆ ಒಪ್ಪುವ ಕೇಂದ್ರಗಳು ಬಹಳ ಇವೆ. ರಯಾನ್ ವೈಟ್ ಮಂಡಳಿಯಂಥ ಕಡೆ ಮಾತ್ರ ಸಭೆಗಳು ಕಾನೂನಿನ ಪ್ರಕಾರವೇ ಸಾರ್ವಜನಿಕ. ಅಲ್ಲಿ ಗುಟ್ಟು ಉಳಿಯುವುದಿಲ್ಲ, ಸದ್ಯಕ್ಕೆ ಅಂಥದ್ದಕ್ಕೆ ಹೋಗಬೇಡಿ. ನಿಮ್ಮ ವೈದ್ಯಕೀಯ ದಾಖಲೆಯನ್ನು ಗುಟ್ಟಾಗಿ ಇಡಲು ಕೇಂದ್ರ ಕಾನೂನಿಗೆ ಬದ್ಧ. ಆದರೆ ಸಭೆಯಲ್ಲಿ ನೀವೇ ಆಡಿದ ಮಾತನ್ನು ಪಕ್ಕದ ಸದಸ್ಯ ಹೊರಗೆ ಹೇಳಿದರೆ ಆ ಕಾನೂನು ತಡೆಯುವುದಿಲ್ಲ. ಅದಕ್ಕೇ ಎಲ್ಲ ಸದಸ್ಯರೂ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕು. ಆ ಪದ್ಧತಿ ಇಲ್ಲದಿದ್ದರೆ ಶುರು ಮಾಡಿಸಿ. ನಿಮಗೆ ಎಚ್‌ಐವಿ ಇದೆಯೇ ಇಲ್ಲವೇ, ಏನು ಔಷಧ ತೆಗೆದುಕೊಳ್ಳುತ್ತೀರಿ ಎಂಬುದನ್ನು ಸಭೆಯಲ್ಲಿ ಹೇಳಲೇಬೇಕಾದ ಅಗತ್ಯ ಯಾರಿಗೂ ಇಲ್ಲ. ‘ನನಗೆ ಗೊತ್ತಿರುವ ಒಬ್ಬರಿಗೆ ಹೀಗಾಯಿತು’ ಎಂದು ಹೇಳಿದರೆ ಸಾಕು.

ಕೇಂದ್ರದಲ್ಲಿ ಇನ್ನೊಬ್ಬ ಕನ್ನಡಿಗರು ಎದುರಾದರೂ ಗಾಬರಿಯಾಗಬೇಡಿ. ಅವರೂ ಅಲ್ಲಿಗೆ ಏನೋ ಕಾರಣಕ್ಕೇ ಬಂದಿರುತ್ತಾರೆ. ಅಕ್ಕನಿಗೆ ಮಾತ್ರ ಸೇರುವ ಮುಂಚೆಯೇ ವಿಷಯ ಹೇಳಿ. ಒಂದು ವೇಳೆ ಮಾತು ಮನೆಗೆ ತಲುಪಿದರೆ ಮೊದಲು ಅಪ್ಪ ಅಮ್ಮನ ಎದುರು ಕೂರಬೇಕಾದವರು ಅವರೇ. ಅವರಿಗೆ ಯೋಚಿಸಲು ಸಮಯ ಬೇಕು.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೆ ನಾನು ಹೇಳಲೇಬೇಕು. ಎಚ್-1ಬಿಯಲ್ಲಿ ನಿಮಗೆ ವೀಸಾ ಕೊಡಿಸಿದ ಕಂಪನಿ ಬಿಟ್ಟು ಬೇರೆ ಕಡೆ ದುಡಿಯುವಂತಿಲ್ಲ. ಸಮಾಜಸೇವಾ ಸಂಸ್ಥೆಯಲ್ಲಿ ನಿಜವಾಗಿಯೂ ಸಂಬಳವಿಲ್ಲದ ಸ್ವಯಂಸೇವೆ ಸಾಮಾನ್ಯವಾಗಿ ತೊಂದರೆಯಲ್ಲ. ಆದರೆ ಹಲವು ಮಂಡಳಿಗಳು ಸಭೆಗೆ ಇಷ್ಟು ಎಂದು ಗೌರವಧನವನ್ನೋ ಗಿಫ್ಟ್ ಕಾರ್ಡನ್ನೋ ಕೊಡುತ್ತವೆ. ಬಡ ಸದಸ್ಯರಿಗೆ ಅದು ಕೊಡಲೇಬೇಕಾದದ್ದು, ನ್ಯಾಯವಾದದ್ದು. ನಿಮಗೆ ಮಾತ್ರ ಅದು ದುಡಿಮೆಯ ಹಣ ಎಂದು ಲೆಕ್ಕವಾಗುವ ಅಪಾಯವಿದೆ. ವಲಸೆ ವಕೀಲರನ್ನು ಕೇಳುವವರೆಗೆ ಯಾವುದನ್ನೂ ತೆಗೆದುಕೊಳ್ಳಬೇಡಿ. ಬೇಡ ಎಂದದ್ದನ್ನು ಬರವಣಿಗೆಯಲ್ಲಿ ಕೊಡಿ. 2025ರಲ್ಲಿ ಅಮೆರಿಕ ಸರ್ಕಾರ ಎಲ್‌ಜಿಬಿಟಿ ಆರೋಗ್ಯದ ಹಲವು ಸಂಶೋಧನಾ ಅನುದಾನಗಳನ್ನು ರದ್ದು ಮಾಡಿದ ಮೇಲೆ ಇಂಥ ಕೇಂದ್ರಗಳಲ್ಲಿ ಯಾವ ಸೇವೆ ಉಳಿಸುವುದು, ಯಾವುದನ್ನು ನಿಲ್ಲಿಸುವುದು ಎಂಬ ಕಷ್ಟದ ಚರ್ಚೆ ನಡೆಯುತ್ತಿದೆ. ನಿಮ್ಮ ಮಂಡಳಿಯಲ್ಲೂ ಅದು ಬರಬಹುದು. ಒಳಗೆ ಗಟ್ಟಿಯಾಗಿ ಮಾತಾಡಿ. ಬೀದಿ ಪ್ರತಿಭಟನೆ, ಪತ್ರಿಕೆಗೆ ಹೇಳಿಕೆ ಇಂಥದ್ದಕ್ಕೆ ಹೆಸರು ಕೊಡುವ ಮುಂಚೆ ಮಾತ್ರ ವಕೀಲರನ್ನು ಕೇಳಿ. ಅಲ್ಲಿನ ನಾಗರಿಕರಾದ ಸದಸ್ಯರು ಆ ಕೆಲಸ ಮಾಡಲಿ.

ಮೊದಲು ಒಂದು ವರ್ಷದ ಅವಧಿಗೆ ಮಾತ್ರ ಒಪ್ಪಿಕೊಳ್ಳಿ. ನಡುವೆ ಬಿಡಬೇಕೆನಿಸಿದರೆ ಬಿಡಬಹುದು, ಕಾರಣ ಕೊಡಬೇಕಾಗಿಲ್ಲ. ಬಿಡುವಾಗ ನೀವು ಎತ್ತಿದ ವಿಷಯಗಳು ಎಲ್ಲಿಯವರೆಗೆ ಬಂದಿವೆ ಎಂದು ಒಂದು ಪುಟ ಬರೆದು ಮುಂದಿನ ಸದಸ್ಯರಿಗೆ ಕೊಡಿ.